ಮನೆಯ ನಿಸ್ತಂತು ಜಾಲಕ್ಕೆ ಅಚ್ಚಿನ ಯಂತ್ರವನ್ನು ಜೋಡಿಸುವ ಕ್ರಮ

ನಮ್ಮ ಶಾಲೆಯ ಕಚೇರಿಯಲ್ಲಿ ಮಳೆಗಾಲದ ಒಂದು ಬೆಳಿಗ್ಗೆ ನಡೆದ ಚಿಕ್ಕ ಸಂಗತಿಯಿಂದ ಈ ಲೇಖನವನ್ನು ಆರಂಭಿಸಲು ವಾಚಕರ ಅಪ್ಪಣೆಯನ್ನು ಬೇಡುತ್ತೇವೆ. ಹಿಂದಿನ ರಾತ್ರಿ ಮಲೆಬೆನ್ನೂರಿನಲ್ಲಿ ಗುಡುಗು ಮಿಂಚುಗಳಿಂದ ಕೂಡಿದ ಮಳೆಯು ಸುರಿದು, ವಿದ್ಯುತ್ತು ಹಲವು ಬಾರಿ ಹೋಗಿ ಬಂದಿತ್ತು. ಅಂದು ವಿದ್ಯಾರ್ಥಿವೇತನದ ಅರ್ಜಿಗಳ ಅಚ್ಚಾದ ಪ್ರತಿಗಳನ್ನು ಒಪ್ಪಿಸಲು ಕಡೆಯ ದಿನವಾಗಿತ್ತು. ಹತ್ತು ಮಂದಿ ಹುಡುಗಿಯರು ಕಚೇರಿಯ ಬಾಗಿಲಲ್ಲಿ ಕಾದು ನಿಂತಿದ್ದರು. ಹಿಂದಿನ ಸಂಜೆಯವರೆಗೂ ಸುಖವಾಗಿ ಕೆಲಸಮಾಡುತ್ತಿದ್ದ ನಮ್ಮ ಪ್ರಿಂಟರು ಅಂದು ಕಂಪ್ಯೂಟರಿನ ಮಾತನ್ನು ಕೇಳಲೊಲ್ಲದಾಯಿತು. ಅದರ ದೀಪವು ಉರಿಯುತ್ತಿತ್ತು; ಕಾಗದವಿತ್ತು; ಶಾಯಿಯೂ ಇತ್ತು. ಆದರೆ ಪರದೆಯ ಮೇಲೆ ಮಾತ್ರ ಪ್ರಿಂಟರು ಸಂಪರ್ಕದಲ್ಲಿಲ್ಲವೆಂಬ ಒಂದೇ ಸೂಚನೆಯು ಮತ್ತೆ ಮತ್ತೆ ಕಾಣಿಸುತ್ತಿತ್ತು.

ನಾವು ಯಂತ್ರವನ್ನು ಆರಿಸಿ ಹಚ್ಚಿದೆವು; ಕಾಗದವನ್ನು ತೆಗೆದು ಮತ್ತೆ ಇಟ್ಟೆವು; ಅದೇ ಅರ್ಜಿಯನ್ನು ಐದಾರು ಸಲ ಕಳುಹಿಸಿದೆವು. ಕಡೆಗೆ ಯಂತ್ರವೇ ಕೆಟ್ಟಿತೆಂದು ತೀರ್ಮಾನಿಸಿ, ಅದನ್ನು ಹರಿಹರಕ್ಕೆ ರಿಪೇರಿಗೆ ಕಳುಹಿಸುವ ಮಾತನ್ನಾಡುತ್ತಿದ್ದಾಗ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸಂಕೋಚದಿಂದ ಮುಂದೆ ಬಂದು, “ಮೇಡಂ, ಅದರ ನಂಬರು ಬದಲಾಗಿದೆಯೋ ಏನೋ, ನಾನೊಮ್ಮೆ ನೋಡಲಾ?” ಎಂದು ಕೇಳಿದಳು. ಅವಳು ಪ್ರಿಂಟರಿನಿಂದಲೇ ಒಂದು ಹಾಳೆಯನ್ನು ಅಚ್ಚುಮಾಡಿಸಿ, ಅದರಲ್ಲಿದ್ದ ಅಂಕಿಯನ್ನೂ ಕಂಪ್ಯೂಟರಿನಲ್ಲಿ ಬರೆದಿದ್ದ ಅಂಕಿಯನ್ನೂ ನಮಗೆ ತೋರಿಸಿದಳು. ಒಂದರಲ್ಲಿ ಕೊನೆಯ ಅಂಕಿಯು 7, ಇನ್ನೊಂದರಲ್ಲಿ 4. ಅದನ್ನು ತಿದ್ದಿದೊಡನೆಯೇ ಹತ್ತು ಅರ್ಜಿಗಳೂ ಒಂದರ ಹಿಂದೊಂದು ಹೊರಬಂದವು. ಯಂತ್ರವು ಕೆಟ್ಟಿರಲಿಲ್ಲ, ಅದು ಇರುವ ವಿಳಾಸವು ನಮಗೆ ತಿಳಿದಿರಲಿಲ್ಲ, ಅಷ್ಟೆ.

ಈಗ ಇಂತಹ ಯಂತ್ರಗಳು ನಮ್ಮ ಊರಿನ ಮನೆಗಳಿಗೂ ಬಂದಿರುತ್ತವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಮನೆಯಲ್ಲಿಯೇ ಕುಳಿತು ಕಚೇರಿಯ ಕೆಲಸವನ್ನು ಮಾಡುತ್ತಾರೆ. ತಾಯಂದಿರು ಮಕ್ಕಳ ಪಾಠದ ಹಾಳೆಗಳನ್ನು ಮನೆಯಲ್ಲಿಯೇ ತೆಗೆಯಬಯಸುತ್ತಾರೆ. “ತಂತಿಯಿಲ್ಲದೆ ಅಚ್ಚಾಗುವುದೆಂದು ಹೇಳಿ ಮಾರಿದರು, ಆದರೆ ಜೋಡಿಸುವ ಬಗೆ ತಿಳಿಯದು” ಎಂದು ನಮ್ಮನ್ನು ಕೇಳಿದವರೂ ಉಂಟು. ಆದುದರಿಂದ ಪ್ರಿಂಟರನ್ನು ಮನೆಯ ವೈ-ಫೈ ಜಾಲಕ್ಕೆ ಜೋಡಿಸುವುದು ಹೇಗೆ, ಜೋಡಿಸಿದ ಮೇಲೆ ಅದು ತಪ್ಪಿಹೋಗುವುದೇಕೆ, ತಪ್ಪಿದಾಗ ಮಾಡತಕ್ಕದ್ದೇನು ಎಂಬ ಮೂರು ಪ್ರಶ್ನೆಗಳಿಗೆ ಇಲ್ಲಿ ಉತ್ತರವನ್ನು ಕೊಡಲು ಪ್ರಯತ್ನಿಸುತ್ತೇವೆ.

ಮೊದಲು ನಿಸ್ತಂತು ಎಂಬ ಮಾತಿನ ವಿಚಾರ. ತಂತಿಯ ಸಹಾಯವಿಲ್ಲದೆ ವಿದ್ಯುತ್ಕಾಂತ ಅಲೆಗಳಿಂದ ಸಂಜ್ಞೆಯನ್ನು ಕಳುಹಿಸುವ ವಿದ್ಯೆಯು ನಮ್ಮ ದೇಶಕ್ಕೆ ಹೊಸತಲ್ಲ. 1895ರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂತಹ ಅಲೆಗಳನ್ನು ಗೋಡೆಗಳಾಚೆಗೆ ಕಳುಹಿಸಿ ಗಂಟೆಯನ್ನು ಬಾರಿಸಿ ತೋರಿಸಿದರು. 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಆಕಾಶವಾಣಿ ಎಂಬ ಸೊಗಸಾದ ಹೆಸರು ಆ ಕೇಂದ್ರದಿಂದಲೇ ಬಳಕೆಗೆ ಬಂದಿತು. ಹಿಂದೆ ಮನೆಯಲ್ಲಿ ಒಂದು ರೇಡಿಯೋ ಇಡಬೇಕಾದರೂ ಲೈಸೆನ್ಸು ಪಡೆಯಬೇಕಾಗಿದ್ದುದನ್ನು ನಮ್ಮ ಹಿರಿಯರು ಬಲ್ಲರು. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಎಂಬ ಅಲೆಪಟ್ಟಿಯನ್ನು ಭಾರತ ಸರ್ಕಾರವು 2005ರಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಿತು. ಆದುದರಿಂದಲೇ ಇಂದು ಯಾರ ಅನುಮತಿಯೂ ಇಲ್ಲದೆ ನಮ್ಮ ಮನೆಗಳಲ್ಲಿ ಪುಟ್ಟ ನಿಸ್ತಂತು ಕೇಂದ್ರವೊಂದನ್ನು ಇಟ್ಟುಕೊಳ್ಳುವುದು ಸಾಧ್ಯವಾಗಿದೆ.

ಆ ಪುಟ್ಟ ಕೇಂದ್ರವೇ ರೂಟರು. ಹೊರಗಿನಿಂದ ಅಂತರ್ಜಾಲವನ್ನು ತರುವ ತಂತಿಯು ಅದಕ್ಕೆ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ಮೊಬೈಲು, ಕಂಪ್ಯೂಟರು, ಪ್ರಿಂಟರು ಇವೆಲ್ಲವೂ ಅಲೆಗಳ ಮೂಲಕ ಅದರೊಡನೆ ಮಾತನಾಡುತ್ತವೆ. ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಮೊಬೈಲಿನಿಂದ ಪ್ರಿಂಟರಿಗೆ ಹೋಗುವ ಕಾಗದಪತ್ರವು ಸಾಮಾನ್ಯವಾಗಿ ಊರೂರು ಸುತ್ತಿ ಬರುವುದಿಲ್ಲ. ಮೊಬೈಲಿನಿಂದ ರೂಟರಿಗೆ, ರೂಟರಿನಿಂದ ಪ್ರಿಂಟರಿಗೆ, ಮನೆಯೊಳಗೇ ಹೋಗುತ್ತದೆ. ಆದುದರಿಂದ ಹೊರಗಿನ ಅಂತರ್ಜಾಲವು ನಿಂತುಹೋಗಿದ್ದರೂ, ರೂಟರು ಉರಿಯುತ್ತಿದ್ದರೆ, ಮೊಬೈಲಿನಲ್ಲಿ ಈಗಾಗಲೇ ಇರುವ ಹಾಳೆಯನ್ನು ಅಚ್ಚುಮಾಡಬಹುದು. ತಯಾರಕರ ಅಂತರ್ಜಾಲ ಸೇವೆಯನ್ನೇ ನಂಬಿಕೊಂಡಿರುವ ಕೆಲವು ಪ್ರಿಂಟರುಗಳು ಮಾತ್ರ ಇದಕ್ಕೆ ಹೊರತು. ಕೊಳ್ಳುವ ಮೊದಲು ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಯಂತ್ರವನ್ನು ಎಲ್ಲಿ ಇಡಬೇಕು? ನಮ್ಮ ಸುತ್ತಿನ ರೈತರ ಮಕ್ಕಳಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಭದ್ರಾ ನಾಲೆಯಲ್ಲಿ ನೀರನ್ನು ಬಿಟ್ಟಾಗ ಮೇಲ್ಭಾಗದ ಗದ್ದೆಗೆ ಧಾರಾಳವಾಗಿ ಹರಿಯುತ್ತದೆ. ಕೊನೆಯ ಭಾಗದ ರೈತನು ಮಾತ್ರ ತೂಬಿನ ಬಳಿ ಕಾಯುತ್ತಾ ಕೂರಬೇಕಾಗುತ್ತದೆ. ವೈ-ಫೈ ಅಲೆಗಳ ಪಾಡೂ ಹಾಗೆಯೇ. ರೂಟರಿನ ಹತ್ತಿರದ ಕೋಣೆಯಲ್ಲಿ ಅವು ಬಲವಾಗಿರುತ್ತವೆ. ದೂರ ಹೋದಂತೆಲ್ಲ ಕ್ಷೀಣಿಸುತ್ತವೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಬ್ಬಿಣದ ಬೀರು, ನೀರು ತುಂಬಿದ ತೊಟ್ಟಿ ಇವು ಅಲೆಗಳನ್ನು ಹೀರುತ್ತವೆ ಅಥವಾ ತಡೆಯುತ್ತವೆ. ಆದುದರಿಂದ ಪ್ರಿಂಟರನ್ನು ಮೊದಲ ಸಲ ಜೋಡಿಸುವಾಗ ರೂಟರು ಇರುವ ಕೋಣೆಯಲ್ಲಿಯೇ ಇಟ್ಟು ಜೋಡಿಸತಕ್ಕದ್ದು. ಆಮೇಲೆ ಬೇಕಾದ ಸ್ಥಳಕ್ಕೆ ಒಯ್ದು, ಅಲ್ಲಿಯೂ ಕೆಲಸಮಾಡುವುದೇ ಎಂದು ಪರೀಕ್ಷಿಸಬೇಕು. ಅಲ್ಲಿ ಅದು ತಡವರಿಸಿದರೆ ದೋಷವು ಜೋಡಣೆಯದಲ್ಲ, ದೂರದ್ದು ಎಂದು ಆಗ ತಾನಾಗಿ ತಿಳಿಯುತ್ತದೆ.

ಅಲೆಗಳಲ್ಲಿಯೂ ಎರಡು ಬಗೆಯುಂಟು. ಈಗಿನ ರೂಟರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಮಾತನಾಡುತ್ತವೆ. ಮೊದಲನೆಯದರ ಅಲೆಯ ಉದ್ದವು ಸುಮಾರು 12 ಸೆಂಟಿಮೀಟರು, ಎರಡನೆಯದು ಸುಮಾರು 6 ಸೆಂಟಿಮೀಟರು. ಮೊದಲನೆಯದು ನಿಧಾನವಾದರೂ ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ. ಎರಡನೆಯದು ವೇಗವಾದರೂ ಬೇಗನೆ ಸೊರಗುತ್ತದೆ. ಕಡಮೆ ಬೆಲೆಯ ಪ್ರಿಂಟರುಗಳಲ್ಲಿ ಅನೇಕವು 2.4ರ ಪಟ್ಟಿಯನ್ನು ಮಾತ್ರ ಕೇಳಬಲ್ಲವು. ರೂಟರಿನಲ್ಲಿ ಎರಡು ಹೆಸರುಗಳಿದ್ದು, ಒಂದರ ಕೊನೆಯಲ್ಲಿ 5 ಎಂಬ ಗುರುತಿದ್ದರೆ, ಆ ಹೆಸರು ಇಂತಹ ಪ್ರಿಂಟರಿನ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಇದನ್ನರಿಯದೆ ಹೊಸ ಯಂತ್ರವನ್ನು ಅಂಗಡಿಗೆ ಹಿಂದಿರುಗಿಸಲು ಹೊರಟವರನ್ನು ನಾವು ಬಲ್ಲೆವು. ಪ್ರಿಂಟರಿಗೆ 2.4ರ ಹೆಸರನ್ನೇ ಆರಿಸಿ ಕೊಡಬೇಕು. ಮೊಬೈಲು 5ರಲ್ಲಿದ್ದರೂ ಬಾಧಕವಿಲ್ಲ. ಎರಡೂ ಒಂದೇ ರೂಟರಿನವಾದುದರಿಂದ ಸಾಮಾನ್ಯವಾಗಿ ಒಂದನ್ನೊಂದು ಕಾಣುತ್ತವೆ.

ಈಗ ಜೋಡಣೆಯ ಕ್ರಮಕ್ಕೆ ಬರೋಣ. ಅಪರಿಚಿತರು ಮನೆಯೊಳಗೆ ಬರಬೇಕಾದರೆ ಮನೆ ಯಾವುದೆಂಬುದೂ ಬಾಗಿಲಿನ ಬೀಗದ ಕೈಯೂ ಬೇಕು. ಪ್ರಿಂಟರಿಗೂ ಈ ಎರಡೇ ಬೇಕು: ಜಾಲದ ಹೆಸರು, ಪಾಸ್‌ವರ್ಡು ಎಂಬ ಗುಪ್ತಪದ. ಇವು ಹೆಚ್ಚಾಗಿ ರೂಟರಿನ ತಳಭಾಗದ ಚೀಟಿಯಲ್ಲಿ ಅಚ್ಚಾಗಿರುತ್ತವೆ. ಮನೆಯವರು ಬದಲಾಯಿಸಿದ್ದರೆ ಅವರೇ ಹೇಳಬೇಕು. ಇವನ್ನು ಪ್ರಿಂಟರಿಗೆ ತಿಳಿಸಲು ಮೂರು ಮಾರ್ಗಗಳಿವೆ.

ಮೊದಲನೆಯದು, ಪರದೆಯುಳ್ಳ ಪ್ರಿಂಟರುಗಳ ಮಾರ್ಗ. ಪರದೆಯ ಮೇಲೆ ಜಾಲದ ವ್ಯವಸ್ಥೆ ಎಂಬರ್ಥದ ಪುಟವನ್ನು ತೆರೆದರೆ ಸುತ್ತಲಿರುವ ಜಾಲಗಳ ಹೆಸರುಗಳು ಕಾಣುತ್ತವೆ. ನಮ್ಮದನ್ನು ಆರಿಸಿ, ಗುಪ್ತಪದವನ್ನು ಒಂದೊಂದೇ ಅಕ್ಷರವಾಗಿ ಒತ್ತಬೇಕು. ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರಗಳನ್ನು ಯಂತ್ರವು ಬೇರೆ ಬೇರೆಯೆಂದು ಎಣಿಸುತ್ತದೆ. ಸೊನ್ನೆಯನ್ನು ‘ಓ’ ಅಕ್ಷರವೆಂದು ಓದಿ ಒತ್ತುವುದು ಎಲ್ಲರೂ ಮಾಡುವ ತಪ್ಪು.

ಎರಡನೆಯದು ಗುಂಡಿಯ ಮಾರ್ಗ. ಅನೇಕ ರೂಟರುಗಳಲ್ಲಿ ಡಬ್ಲ್ಯೂಪಿಎಸ್ ಎಂದು ಬರೆದ ಒಂದು ಗುಂಡಿಯಿರುತ್ತದೆ. ಪ್ರಿಂಟರಿನ ನಿಸ್ತಂತು ಗುಂಡಿಯನ್ನು ಅದರ ದೀಪವು ಮಿಣುಕುವವರೆಗೆ ಒತ್ತಿ ಹಿಡಿದು, ಎರಡು ನಿಮಿಷಗಳೊಳಗೆ ರೂಟರಿನ ಆ ಗುಂಡಿಯನ್ನೂ ಒತ್ತಿದರೆ, ಗುಪ್ತಪದವನ್ನು ಬರೆಯದೆಯೇ ಎರಡೂ ಪರಸ್ಪರ ಒಪ್ಪಿಕೊಳ್ಳುತ್ತವೆ. ಮಿಣುಕುವ ದೀಪವು ಸ್ಥಿರವಾಗಿ ಉರಿಯತೊಡಗಿದರೆ ಕಾರ್ಯವು ಸಿದ್ಧಿಸಿತೆಂದು ತಿಳಿಯಬೇಕು. ಎರಡು ನಿಮಿಷಗಳು ಮೀರಿದರೆ ಮೊದಲಿನಿಂದ ಆರಂಭಿಸಬೇಕು.

ಮೂರನೆಯದು ಮೊಬೈಲಿನ ಮಾರ್ಗ. ಪರದೆಯಿಲ್ಲದ ಚಿಕ್ಕ ಪ್ರಿಂಟರುಗಳಿಗೆ ಇದೇ ವಾಡಿಕೆ. ಹೊಸ ಪ್ರಿಂಟರು ಮೊದಲ ಬಾರಿ ಹಚ್ಚಿದಾಗ ತಾನೇ ಒಂದು ತಾತ್ಕಾಲಿಕ ಪುಟ್ಟ ಜಾಲವನ್ನು ಎಬ್ಬಿಸುತ್ತದೆ. ತಯಾರಕರ ಆ್ಯಪನ್ನು ಮೊಬೈಲಿಗೆ ಇಳಿಸಿಕೊಂಡು ತೆರೆದರೆ, ಅದು ಆ ಪುಟ್ಟ ಜಾಲದ ಮೂಲಕ ಪ್ರಿಂಟರನ್ನು ಕಂಡು, ನಮ್ಮ ಮನೆಯ ಜಾಲದ ಹೆಸರನ್ನೂ ಗುಪ್ತಪದವನ್ನೂ ಅದಕ್ಕೆ ಒಪ್ಪಿಸುತ್ತದೆ. ಆ ಬಳಿಕ ಪ್ರಿಂಟರು ಮನೆಯ ಜಾಲಕ್ಕೆ ಬಂದು ಸೇರುತ್ತದೆ. ಈ ಕಾರ್ಯದ ವೇಳೆ ಮೊಬೈಲಿನಲ್ಲಿ ಸ್ಥಳಸೂಚಕವನ್ನು ತೆರೆದಿಡಬೇಕೆಂದು ಆ್ಯಪು ಕೇಳುವುದುಂಟು. ಸುತ್ತಲಿನ ಜಾಲಗಳನ್ನು ಹುಡುಕಲು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಅದು ಬೇಕಾಗುವುದು. ಕೆಲಸವು ಮುಗಿದ ಮೇಲೆ ಅದನ್ನು ಮುಚ್ಚಬಹುದು.

ಇಷ್ಟಾದರೆ ಪ್ರಿಂಟರು ಮನೆಯೊಳಗೆ ಬಂದಂತಾಯಿತು. ಆದರೆ ಮನೆಯೊಳಗೆ ಅದು ಯಾವ ಸ್ಥಾನದಲ್ಲಿದೆಯೆಂದು ಇತರರಿಗೆ ತಿಳಿಯಬೇಡವೇ? ನಮ್ಮ ಕಚೇರಿಯ ಸಂಕಟಕ್ಕೆ ಮೂಲವು ಇಲ್ಲಿಯೇ ಇದ್ದಿತು. ಇದನ್ನು ವಸತಿಗೃಹದ ಉದಾಹರಣೆಯಿಂದ ವಿವರಿಸುತ್ತೇವೆ. ರಜೆಯು ಮುಗಿದು ಹುಡುಗಿಯರು ಹಿಂದಿರುಗಿದಾಗ ವಾರ್ಡನ್ನರು ಬಂದವರಿಗೆ ಬಂದ ಕ್ರಮದಲ್ಲಿ ಕೋಣೆಗಳನ್ನು ಹಂಚುತ್ತಾರೆ. ಹೋದ ವರ್ಷ 4ನೆಯ ಕೋಣೆಯಲ್ಲಿದ್ದವಳು ಈ ವರ್ಷ 7ರಲ್ಲಿರಬಹುದು. ಹಳೆಯ ಕೋಣೆಯ ಸಂಖ್ಯೆಯನ್ನು ಬರೆದು ಕಾಗದವನ್ನು ಹಾಕಿದರೆ ಅದು ಅವಳಿಗೆ ತಲಪದು. ರೂಟರು ಇಂತಹ ವಾರ್ಡನ್ನು. ತನ್ನ ಜಾಲಕ್ಕೆ ಬಂದ ಪ್ರತಿಯೊಂದು ಯಂತ್ರಕ್ಕೂ ಅದು ಐಪಿ ವಿಳಾಸವೆಂಬ ಅಂಕಿಯೊಂದನ್ನು ಕೆಲವು ಕಾಲದ ಮಟ್ಟಿಗೆ ಕೊಡುತ್ತದೆ. ಮನೆಗಳಲ್ಲಿ ಅದು ಹೆಚ್ಚಾಗಿ 192.168 ಎಂದು ಮೊದಲಾಗುತ್ತದೆ. ಈ ಅಂಕಿಗಳು ಖಾಸಗಿ ಜಾಲಗಳಿಗಾಗಿಯೇ ಮೀಸಲಾದವು. ಎರಡು ವಸತಿಗೃಹಗಳಲ್ಲಿಯೂ 4ನೆಯ ಕೋಣೆಯಿರುವಂತೆ, ನಮ್ಮ ಮನೆಯಲ್ಲಿಯೂ ನೆರೆಮನೆಯಲ್ಲಿಯೂ ಅದೇ ಅಂಕಿಯಿದ್ದರೆ ತೊಂದರೆಯಿಲ್ಲ.

ವಿದ್ಯುತ್ತು ಹೋಗಿ ಬಂದಾಗ ಎಲ್ಲ ಯಂತ್ರಗಳೂ ಒಮ್ಮೆಗೇ ಎದ್ದು ಕೋಣೆಯನ್ನು ಕೇಳುತ್ತವೆ. ಆಗ ಹಂಚಿಕೆಯು ಬದಲಾಗುವ ಸಂಭವವುಂಟು. ಪ್ರಿಂಟರಿಗೆ ಹೊಸ ಅಂಕಿ ಬಂದಿದ್ದು, ಕಂಪ್ಯೂಟರು ಹಳೆಯ ಅಂಕಿಗೇ ಕಾಗದವನ್ನು ಕಳುಹಿಸುತ್ತಿದ್ದರೆ, ಸಂಪರ್ಕದಲ್ಲಿಲ್ಲವೆಂಬ ಸೂಚನೆಯಲ್ಲದೆ ಮತ್ತೇನು ಬಂದೀತು? ಮಳೆಗಾಲದಲ್ಲಿ ಪದೇ ಪದೇ ದೀಪವಾರುವ ನಮ್ಮಂತಹ ಊರುಗಳಲ್ಲಿ ಪ್ರಿಂಟರು ಮುನಿದುಕೊಳ್ಳುವುದಕ್ಕೆ ಇದೊಂದು ದೊಡ್ಡ ಕಾರಣವು.

ಇದಕ್ಕೆ ಶಾಶ್ವತವಾದ ಪರಿಹಾರವಿದೆ. ಪ್ರತಿಯೊಂದು ಪ್ರಿಂಟರಿಗೂ ಕಾರ್ಖಾನೆಯಲ್ಲಿಯೇ ಕೊಟ್ಟ ಮ್ಯಾಕ್ ಎಂಬ 12 ಅಕ್ಷರಾಂಕಗಳ ಗುರುತು ಉಂಟು, ಅದು ಬದಲಾಗುವುದಿಲ್ಲ. ರೂಟರಿನ ಒಳಪುಟವನ್ನು ತೆರೆದು, ಈ ಗುರುತಿನ ಯಂತ್ರಕ್ಕೆ ಯಾವಾಗಲೂ ಇದೇ ಅಂಕಿಯನ್ನು ಕೊಡತಕ್ಕದ್ದೆಂದು ಬರೆದಿಟ್ಟರೆ, ಹುಡುಗಿಯೊಬ್ಬಳಿಗೆ ಶಾಲೆಯನ್ನು ಬಿಡುವವರೆಗೂ ಒಂದೇ ಕೋಣೆಯನ್ನು ಮೀಸಲಿಟ್ಟಂತೆ ಆಗುತ್ತದೆ. ನಮ್ಮ ಕಚೇರಿಯಲ್ಲಿ ಆ ಹುಡುಗಿಯೇ ಇದನ್ನು ಮಾಡಿಕೊಟ್ಟಳು. ಆಮೇಲೆ ಎಷ್ಟೋ ಬಾರಿ ವಿದ್ಯುತ್ತು ಹೋಗಿ ಬಂದಿದೆ; ಪ್ರಿಂಟರು ತನ್ನ ಸ್ಥಾನವನ್ನು ಬಿಟ್ಟಿಲ್ಲ. ಪ್ರಿಂಟರಿನ ಈಗಿನ ಅಂಕಿಯೂ ಮ್ಯಾಕ್ ಗುರುತೂ ಅದರಿಂದಲೇ ತೆಗೆಯಬಹುದಾದ ಜಾಲವರದಿಯ ಹಾಳೆಯಲ್ಲಿರುತ್ತವೆ. ಆ ಹಾಳೆಯನ್ನು ತೆಗೆಯುವ ಗುಂಡಿ ಯಾವುದೆಂಬುದು ಯಂತ್ರದೊಡನೆ ಬಂದ ಪುಸ್ತಕದಲ್ಲಿದೆ. ಆ ಪುಸ್ತಕವನ್ನು ದಯವಿಟ್ಟು ರದ್ದಿಗೆ ಹಾಕಬೇಡಿರಿ.

ಅಚ್ಚು ಮಾಡುವ ಕ್ರಮವು ಸುಲಭ. ಐಫೋನುಗಳಲ್ಲಿ 2010ರಿಂದ ಏರ್‌ಪ್ರಿಂಟ್ ಎಂಬ ವ್ಯವಸ್ಥೆಯು ಇದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿಯೂ ಇಂತಹ ಸೇವೆಯು ಈಗ ಜೊತೆಯಲ್ಲಿಯೇ ಬರುತ್ತದೆ. ಹಾಳೆಯನ್ನು ತೆರೆದು, ಅಚ್ಚಿನ ಆಜ್ಞೆಯನ್ನು ಒತ್ತಿದರೆ, ಜಾಲದಲ್ಲಿರುವ ಪ್ರಿಂಟರುಗಳ ಹೆಸರು ತಾನಾಗಿ ಕಾಣುತ್ತದೆ. ಕಾಣದಿದ್ದರೆ ಎರಡು ವಿಷಯಗಳನ್ನು ಮೊದಲು ನೋಡತಕ್ಕದ್ದು. ಮೊಬೈಲು ವೈ-ಫೈಯನ್ನು ಬಿಟ್ಟು ಸಿಮ್ಮಿನ ಡೇಟಾದಲ್ಲಿದ್ದರೆ ಅದು ಮನೆಯ ಹೊರಗೆ ನಿಂತಂತೆ. ಪ್ರಿಂಟರು ಅದಕ್ಕೆ ಕಾಣದು. ಅತಿಥಿಗಳಿಗೆಂದು ಇಟ್ಟಿರುವ ಬೇರೆ ಜಾಲದಲ್ಲಿದ್ದರೆ ಅದು ಜಗಲಿಯಲ್ಲಿ ಕುಳಿತಂತೆ. ಒಳಮನೆಯ ಯಂತ್ರಗಳನ್ನು ಆ ಜಾಲವು ಬೇಕೆಂದೇ ಮರೆಮಾಡಿರುತ್ತದೆ.

ಕನ್ನಡ ಬರಹದ ವಿಷಯದಲ್ಲಿ ಒಂದು ಮಾತು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರಲ್ಲಿ ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟ ಮಂಗಳೂರ ಸಮಾಚಾರವು ಅಲ್ಲಿಯೇ ಅಚ್ಚಾಯಿತು. ಕಲ್ಲಚ್ಚಿನಲ್ಲಿ ಅಕ್ಷರಗಳನ್ನು ಜೋಡಿಸುವುದಿಲ್ಲ. ಪುಟವನ್ನೇ ಚಿತ್ರದಂತೆ ಬರೆದು ಒತ್ತುತ್ತಾರೆ. ನಮ್ಮ ಇಂದಿನ ಪ್ರಿಂಟರೂ ಕಡೆಗೆ ಮಾಡುವುದು ಅದನ್ನೇ. ಅದು ಪುಟವನ್ನು ಚುಕ್ಕೆಗಳ ಚಿತ್ರವಾಗಿ ಮೂಡಿಸುತ್ತದೆ, ಕನ್ನಡವೋ ಇಂಗ್ಲಿಷೋ ಅದಕ್ಕೆ ತಿಳಿಯದು. ಆದುದರಿಂದ ಕನ್ನಡದ ಬದಲು ಚೌಕಗಳೋ ಅರ್ಥವಿಲ್ಲದ ಗುರುತುಗಳೋ ಮೂಡಿದರೆ ದೋಷವು ಸಾಮಾನ್ಯವಾಗಿ ಕಡತದಲ್ಲಿದೆ, ಪ್ರಿಂಟರಿನಲ್ಲಿಲ್ಲ. ಹಳೆಯ ಲಿಪಿತಂತ್ರದಲ್ಲಿ ಬರೆದ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಹೀಗಾಗುತ್ತದೆ. ಯೂನಿಕೋಡಿನಲ್ಲಿ ಬರೆಯುವುದು, ಬರೆದ ಯಂತ್ರದಲ್ಲಿಯೇ ಪಿಡಿಎಫ್ ಮಾಡಿಕೊಂಡು ಆಮೇಲೆ ಅಚ್ಚಿಗೆ ಕಳುಹಿಸುವುದು ಇದಕ್ಕೆ ತಕ್ಕ ಉಪಾಯವು.

ಇನ್ನು ಎಚ್ಚರಿಕೆಯ ಮಾತುಗಳನ್ನು ತಾಯಂದಿರೂ ಹುಡುಗಿಯರೂ ಗಮನವಿಟ್ಟು ಓದಬೇಕೆಂದು ಕೋರುತ್ತೇವೆ. ಒಂದು ಹಾಳೆಯ ಅಚ್ಚಿಗಾಗಿ ನಮ್ಮ ಹುಡುಗಿಯರು ತಮ್ಮ ಆಧಾರ್ ಚೀಟಿ, ಭಾವಚಿತ್ರ, ಬ್ಯಾಂಕಿನ ಪುಸ್ತಕದ ಮೊದಲ ಪುಟ ಇವನ್ನು ಅಪರಿಚಿತರ ಮೊಬೈಲಿಗೆ ಕಳುಹಿಸುತ್ತಾರೆ. ಕೆಲಸವು ಮುಗಿದ ಮೇಲೂ ಅವು ಅಲ್ಲಿಯೇ ಉಳಿಯುತ್ತವೆ. ಹುಡುಗಿಯ ಮೊಬೈಲು ಸಂಖ್ಯೆಯೂ ಉಳಿಯುತ್ತದೆ. ಅಂಗಡಿಯವರೆಲ್ಲರೂ ಕೆಟ್ಟವರೆಂದು ನಾವು ಹೇಳುವುದಿಲ್ಲ; ಅವರಲ್ಲಿ ಬಹುಮಂದಿ ಸಜ್ಜನರು. ಆದರೆ ಮನೆಯ ಬೀರುವಿನಲ್ಲಿ ಇಡತಕ್ಕ ಪತ್ರವನ್ನು ಬೀದಿಯಲ್ಲಿ ಬಿಟ್ಟುಬರುವುದು ವಿವೇಕವಲ್ಲ. ಅಂಗಡಿಗೆ ಹೋಗಲೇಬೇಕಾದರೆ ಕಣ್ಣೆದುರಿಗೇ ಅಳಿಸುವಂತೆ ಕೇಳಲು ಸಂಕೋಚಪಡಬಾರದು. ಮನೆಯಲ್ಲಿ ಪ್ರಿಂಟರು ಇರುವವರು ನೆರೆಯ ಹುಡುಗಿಗೆ ಎರಡು ಹಾಳೆಗಳನ್ನು ತೆಗೆದುಕೊಟ್ಟರೆ ಅದು ಸಣ್ಣ ಉಪಕಾರವಲ್ಲ.

ಆದರೆ ಮನೆಯ ಜಾಲಕ್ಕೇ ಬೀಗವಿಲ್ಲದಿದ್ದರೆ ಈ ಲಾಭವೂ ಇಲ್ಲ. ಗುಪ್ತಪದವಿಲ್ಲದ ಜಾಲವನ್ನು ಇಡಲೇಕೂಡದು. ಊರಿನ ಹೆಸರು, 12345678, ಮೊಬೈಲು ಸಂಖ್ಯೆ ಇವು ಗುಪ್ತಪದಗಳಲ್ಲ. ರೂಟರಿನ ರಕ್ಷಣೆಯು ಡಬ್ಲ್ಯೂಪಿಎ-2 ಅಥವಾ ಡಬ್ಲ್ಯೂಪಿಎ-3 ಎಂಬ ಕ್ರಮದ್ದಾಗಿರಬೇಕು. ಮೇಲೆ ಹೇಳಿದ ಗುಂಡಿಯ ಮಾರ್ಗದಲ್ಲಿ ಅಂಕಿಯನ್ನು ಬಳಸುವ ಒಂದು ಉಪವಿಧಾನವೂ ಉಂಟು. ಅದನ್ನು ಸುಲಭವಾಗಿ ಭೇದಿಸಬಹುದೆಂದು 2011ರಲ್ಲಿಯೇ ಬಯಲಾಗಿದೆ. ಆದುದರಿಂದ ಪ್ರಿಂಟರನ್ನು ಜೋಡಿಸಿದ ಮೇಲೆ ಆ ಸೌಕರ್ಯವನ್ನು ರೂಟರಿನಲ್ಲಿ ಮುಚ್ಚುವುದು ಮೇಲು. ಪ್ರಿಂಟರನ್ನು ಮಾರುವಾಗ ಅಥವಾ ಯಾರಿಗಾದರೂ ಕೊಡುವಾಗ, ಅದನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿ ಕೊಡಬೇಕು. ಇಲ್ಲವಾದರೆ ನಮ್ಮ ಮನೆಯ ಗುಪ್ತಪದವು ಅದರೊಡನೆ ಹೋಗುತ್ತದೆ.

ಯಂತ್ರದ ಪೋಷಣೆಯ ವಿಷಯದಲ್ಲಿ ಎರಡೇ ಮಾತು. ಶಾಯಿಯ ಪ್ರಿಂಟರನ್ನು ಬಹುಕಾಲ ಸುಮ್ಮನೆ ಇಟ್ಟರೆ ಅದರ ಸೂಕ್ಷ್ಮರಂಧ್ರಗಳಲ್ಲಿ ಶಾಯಿಯು ಒಣಗುತ್ತದೆ; ವಾರಕ್ಕೊಂದು ಬಣ್ಣದ ಹಾಳೆಯನ್ನಾದರೂ ತೆಗೆಯಬೇಕು, ಆರಿಸುವಾಗ ಅದರ ಗುಂಡಿಯಿಂದಲೇ ಆರಿಸಬೇಕು. ಲೇಸರ್ ಪ್ರಿಂಟರು ಕಾಗದವನ್ನು ಕಾಯಿಸುವಾಗ ಬಹಳ ವಿದ್ಯುತ್ತನ್ನು ಒಮ್ಮೆಗೇ ಎಳೆಯುವುದರಿಂದ ಅದನ್ನು ಮನೆಯ ಚಿಕ್ಕ ಯುಪಿಎಸ್ಸಿಗೆ ಸೇರಿಸಬಾರದು.

ಕಡೆಯದಾಗಿ, ಪ್ರಿಂಟರು ಮುನಿದಾಗ ಅನುಸರಿಸತಕ್ಕ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇವೆ. ಮೊದಲು ರೂಟರನ್ನು ಹಚ್ಚಿ, ಅದು ಪೂರ್ಣವಾಗಿ ಎದ್ದ ಮೇಲೆ ಪ್ರಿಂಟರನ್ನು ಹಚ್ಚಿರಿ. ಬಳಿಕ ಪ್ರಿಂಟರಿನ ನಿಸ್ತಂತು ದೀಪವು ಸ್ಥಿರವಾಗಿದೆಯೇ ನೋಡಿರಿ. ಮಿಣುಕುತ್ತಿದ್ದರೆ ಅದು ಜಾಲವನ್ನು ಸೇರಿಲ್ಲ. ಆಮೇಲೆ ಮೊಬೈಲು ಅದೇ ಜಾಲದಲ್ಲಿದೆಯೇ ನೋಡಿರಿ. ಅನಂತರ ಜಾಲವರದಿಯ ಹಾಳೆಯನ್ನು ತೆಗೆದು ಅಂಕಿಗಳನ್ನು ಹೋಲಿಸಿರಿ. ಈ ನಾಲ್ಕೂ ಸರಿಯಾಗಿದ್ದು ಅಚ್ಚಾಗದಿದ್ದರೆ ಮಾತ್ರ ರಿಪೇರಿಯವರನ್ನು ಕರೆಯಿರಿ.

ಅಂದು ಹತ್ತು ಅರ್ಜಿಗಳೂ ಕಾಲಕ್ಕೆ ಸರಿಯಾಗಿ ಹೋದವು. ಅವುಗಳಲ್ಲಿ ಒಂದಾದರೂ ತಪ್ಪಿದ್ದರೆ, ಒಬ್ಬ ಹುಡುಗಿಯ ಒಂದು ವರ್ಷದ ಪುಸ್ತಕದ ಹಣವು ನಮ್ಮ ಅಜ್ಞಾನದಿಂದ ನಷ್ಟವಾಗುತ್ತಿತ್ತು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಹೇಳಿದ ನಾವು ಅಂದು ಒಂಬತ್ತನೆಯ ತರಗತಿಯವಳಿಂದ ಪಾಠವನ್ನು ಕಲಿತೆವು. ಇದನ್ನು ಹೇಳಿಕೊಳ್ಳಲು ನಮಗೆ ನಾಚಿಕೆಯಿಲ್ಲ. ಈಗ ನಮ್ಮ ಕಚೇರಿಯ ಗೋಡೆಯ ಮೇಲೆ ಪ್ರಿಂಟರಿನ ಅಂಕಿಯನ್ನು ಬರೆದ ಚೀಟಿಯೊಂದಿದೆ. ಅದು ಅವಳ ಕೈಬರಹವು. ಈ ಸಂಚಿಕೆಯನ್ನು ಓದುವ ಹುಡುಗಿಯರೂ ತಮ್ಮ ಮನೆಯ ಯಂತ್ರಕ್ಕೆ ಅಂತಹ ಒಂದು ಚೀಟಿಯನ್ನು ಬರೆದು ಅಂಟಿಸಿದರೆ, ನಾವು ಇಷ್ಟು ಪುಟಗಳನ್ನು ಬರೆದುದು ಸಾರ್ಥಕವಾಯಿತೆಂದು ಭಾವಿಸುತ್ತೇವೆ.